ಮಗುವಿಗೆ ಇಮ್ಯಾಟಿನಿಬ್: ಚೀಟಿಯಿಂದ ಹೊಟ್ಟೆಯವರೆಗೆ

ಮಕ್ಕಳ ರಕ್ತ ಕ್ಯಾನ್ಸರ್‌ಗಳಲ್ಲಿ (ಲ್ಯುಕೇಮಿಯ) ಸಿಎಂಎಲ್ ಎಂಬ ದೀರ್ಘಕಾಲಿಕ ಬಗೆ ನೂರಕ್ಕೆ ಎರಡೋ ಮೂರೋ ಅಷ್ಟೆ. ಅದಕ್ಕೇ ಮಕ್ಕಳ ವಾರ್ಡಿನವರಿಗೂ ಇದರ ರೂಢಿ ಕಡಿಮೆ. ಉಳಿದ ಲ್ಯುಕೇಮಿಯಗಳ ಶುರುವಿನ ತೀವ್ರ ಚಿಕಿತ್ಸೆಯಲ್ಲಿ ಹೆಚ್ಚಿನ ಔಷಧಿ ಕೊಡುವುದು ನರ್ಸ್. ಇದಕ್ಕೆ ಇಮ್ಯಾಟಿನಿಬ್ ಎಂಬ ಮಾತ್ರೆ, ಕೊಡುವುದು ಅಮ್ಮ, ಮನೆಯಲ್ಲಿ, ದಿನಾ, ವರ್ಷಗಟ್ಟಲೆ. ನಾವು ಕಂಡಂತೆ ಎಡವಟ್ಟಾಗುವುದು ಹೆಚ್ಚಾಗಿ ಅಲ್ಲೇ.

ಮೊದಲ ಮಾತ್ರೆಗೂ ಮುಂಚೆ ಮಜ್ಜೆಯ ಪರೀಕ್ಷೆ, ಕ್ರೋಮೋಸೋಮ್ ಪರೀಕ್ಷೆ, ಬಿಸಿಆರ್-ಎಬಿಎಲ್ ಪಿಸಿಆರ್ (ಈ ರೋಗದ ಜೀನ್ ರಕ್ತದಲ್ಲಿ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ) ಮೂರಕ್ಕೂ ಸ್ಯಾಂಪಲ್ ಹೋಗಿರಬೇಕು. ಔಷಧಿ ಶುರುವಾದ ಮೇಲೆ ಆರಂಭದ ಅಂಕಿ ಮತ್ತೆ ಸಿಗದು. ಮಕ್ಕಳಲ್ಲಿ ಬಿಳಿ ರಕ್ತಕಣ 2 ಲಕ್ಷ ದಾಟಿರುವುದು ಅಪರೂಪವಲ್ಲ. ಹಾಗಿದ್ದರೆ ವರದಿ ಬರುವವರೆಗೆ ಕಣ ಇಳಿಸುವ ಹೈಡ್ರಾಕ್ಸಿಯೂರಿಯ, ದಿನಕ್ಕೆ ಕೆ.ಜಿ.ಗೆ 25ರಿಂದ 50 ಮಿ.ಗ್ರಾಂ; ಜೊತೆಗೆ ಯೂರಿಕ್ ಆಮ್ಲ ಏರದಂತೆ ಅಲೊಪ್ಯುರಿನಾಲ್, ಸಾಕಷ್ಟು ನೀರು. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ಅವಸರದಲ್ಲಿ ರಕ್ತ ಏರಿಸಬಾರದು. ಮೊದಲೇ ಮಂದವಾದ ರಕ್ತ ಇನ್ನಷ್ಟು ಮಂದವಾಗಿ ಮಿದುಳು, ಕಣ್ಣಿನ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ.

ಇಮ್ಯಾಟಿನಿಬ್ ಡೋಸ್ ಹಾಕುವುದು ತೂಕದ ಮೇಲಲ್ಲ, ಮೈ ಹರವಿನ (ಮೈಯ ಹೊರಮೈ ವಿಸ್ತೀರ್ಣದ) ಮೇಲೆ: ದಿನಕ್ಕೆ ಚದರ ಮೀಟರಿಗೆ 340 ಮಿ.ಗ್ರಾಂ, ಗರಿಷ್ಠ 600. ಎತ್ತರವನ್ನು (ಸೆಂ.ಮೀ.) ತೂಕದಿಂದ (ಕೆ.ಜಿ.) ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಹರವು ಸಿಗುತ್ತದೆ. 125 ಸೆಂ.ಮೀ., 24 ಕೆ.ಜಿ. ಮಗುವಿಗೆ 0.91 ಚದರ ಮೀಟರ್, ಅಂದರೆ 310 ಮಿ.ಗ್ರಾಂ. 100ರ ಮೂರು ಮಾತ್ರೆ ಸಾಕು. ಅದೇ ಮಗು ಬೆಳೆದು ಹರವು 1.2 ಆದಾಗ ಬೇಕಾಗುವುದು ನಾಲ್ಕು. ಹಳೇ ಚೀಟಿಯನ್ನೇ ನಕಲು ಮಾಡುತ್ತಾ ಹೋದರೆ ಯಾರಿಗೂ ಗೊತ್ತಾಗದಂತೆ ಡೋಸ್ ಸಾಲದಾಗುತ್ತದೆ. ಪ್ರತಿ ಭೇಟಿಯಲ್ಲೂ ಎತ್ತರ ಅಳೆಯಲು ಇನ್ನೊಂದು ಕಾರಣವೂ ಇದೆ: ಈ ಔಷಧಿ, ಮುಖ್ಯವಾಗಿ ಪ್ರಾಯಕ್ಕೆ ಬರುವ ಮುಂಚಿನ ಮಕ್ಕಳಲ್ಲಿ, ಬೆಳವಣಿಗೆಯನ್ನು ಕುಂಠಿಸುತ್ತದೆ.

ಹಸಿದ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಖಂಡಿತ ಎಂದೇ ಇಟ್ಟುಕೊಳ್ಳಿ. ಊಟವಾದ ಕೂಡಲೇ, ದೊಡ್ಡ ಲೋಟ ನೀರಿನೊಂದಿಗೆ. ನುಂಗಲಾರದ ಮಗುವಿಗೆ 100 ಮಿ.ಗ್ರಾಂ.ಗೆ 50 ಮಿ.ಲೀ. ಲೆಕ್ಕದಲ್ಲಿ ನೀರು ಅಥವಾ ಸೇಬಿನ ರಸ ಹಾಕಿ, ಚಮಚದಿಂದ ಕದಡಿ, ಪೂರ್ತಿ ಬಿಟ್ಟುಕೊಂಡ ತಕ್ಷಣ ಕುಡಿಸಬೇಕು. ತಳದಲ್ಲಿ ಪುಡಿ ಕೂರುತ್ತದೆ, ಲೋಟ ತೊಳೆದ ನೀರನ್ನೂ ಕುಡಿಸಿ. ಬಸುರಿ ಹೆಂಗಸರು ಈ ಪುಡಿ ಮುಟ್ಟಬಾರದು. ತಪ್ಪಿದ ಡೋಸನ್ನು ಮರುದಿನ ಸೇರಿಸಿ ಎರಡರಷ್ಟು ಕೊಡುವಂತಿಲ್ಲ.

ಬೆಳಗ್ಗೆ ಕಣ್ಣಿನ ಸುತ್ತ ಊತ ಕಂಡು ಕಿಡ್ನಿ ಹೋಯಿತೆಂದು ಗಾಬರಿಯಾಗಿ ಓಡಿಬರುತ್ತಾರೆ. ಸಾಮಾನ್ಯವಾಗಿ ಅದು ಔಷಧಿಯದೇ ಊತ. ರಾತ್ರಿ ಮೀನಖಂಡ ಹಿಡಿಯುವುದೂ ಅಷ್ಟೇ ಸಾಮಾನ್ಯ. ನಿಜವಾಗಿ ಕಾಯಬೇಕಾದ್ದು ರಕ್ತಕಣಗಳನ್ನು: ಮೊದಲ ತಿಂಗಳು ವಾರಕ್ಕೊಮ್ಮೆ, ಎರಡನೇ ತಿಂಗಳು ಹದಿನೈದು ದಿನಕ್ಕೊಮ್ಮೆ. ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿಕಣ) 1000ಕ್ಕಿಂತ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಇಳಿದರೆ ನಿಲ್ಲಿಸಿ, 1500 ಮತ್ತು 75,000ಕ್ಕೆ ಏರಿದ ಮೇಲೆ ಅದೇ ಡೋಸ್‌ನಲ್ಲಿ ಮತ್ತೆ ಶುರು. ಕಣಗಳು ಮತ್ತೆ ಹೀಗೆ ಇಳಿದರೆ ಮಾತ್ರ ಚದರ ಮೀಟರಿಗೆ 260 ಮಿ.ಗ್ರಾಂ. ಹೆದರಿ ಅರ್ಧ ಡೋಸ್‌ನಲ್ಲಿ ತಿಂಗಳುಗಟ್ಟಲೆ ಎಳೆಯುವುದು ಕೆಟ್ಟ ಅಭ್ಯಾಸ. ರೋಗವೂ ಬಗ್ಗದು, ಔಷಧಿಗೆ ಒಗ್ಗಿಕೊಳ್ಳುವ ಕಣಗಳಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇಮ್ಯಾಟಿನಿಬ್ ಅನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ. ಕ್ಲಾರಿಥ್ರೋಮೈಸಿನ್ ಏರಿಸುತ್ತದೆ. ದ್ರಾಕ್ಷಿಹಣ್ಣಲ್ಲ, ಗ್ರೇಪ್‌ಫ್ರೂಟ್ ಬೇಡ ಎಂದು ಬಿಡಿಸಿ ಹೇಳಬೇಕು. ಅದರ ನಂಟಿನ ಚಕ್ಕೋತವನ್ನೂ, ಅದು ದೇವನಹಳ್ಳಿಯದೇ ಆಗಿರಲಿ, ದೂರವಿಡಿಸುತ್ತೇವೆ. ದಡಾರ, ಚಿಕನ್‌ಪಾಕ್ಸ್‌ನಂಥ ಜೀವಂತ ವೈರಾಣುವಿನ ಲಸಿಕೆಗಳೂ ಈ ಅವಧಿಯಲ್ಲಿಲ್ಲ.

ಮೂರು ತಿಂಗಳಿಗೊಮ್ಮೆ ಪಿಸಿಆರ್, ಆದಷ್ಟೂ ಅದೇ ಲ್ಯಾಬಿನಲ್ಲಿ, ಅಂತರರಾಷ್ಟ್ರೀಯ ಮಾಪಕದಲ್ಲಿ. ಬಿಸಿಆರ್-ಎಬಿಎಲ್ ಪ್ರಮಾಣ 3 ತಿಂಗಳಿಗೆ ಶೇ 10, 6ಕ್ಕೆ ಶೇ 1, 12ಕ್ಕೆ ಶೇ 0.1 ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಬರಲಿಲ್ಲವೆಂದರೆ ಮ್ಯುಟೇಶನ್ ಪರೀಕ್ಷೆ (ಔಷಧಿ ನಾಟದಂತೆ ಜೀನ್ ಬದಲಾಗಿದೆಯೇ ಎಂಬುದರದ್ದು) ಬರೆಯುವ ಮುಂಚೆ ಖಾಲಿ ಸ್ಟ್ರಿಪ್ ತರಲು ಹೇಳಿ, ಎಣಿಸುತ್ತೇವೆ. ಹದಿಮೂರು ಹದಿನಾಲ್ಕರ ಹುಡುಗರು ಮಾತ್ರೆಯನ್ನು ಕಿಟಕಿಯಾಚೆ ಎಸೆಯುವುದುಂಟು; ಬೈದರೆ ಮುಂದಿನ ಸಲ ಇನ್ನೂ ಜಾಣತನದಿಂದ ಎಸೆಯುತ್ತಾರೆ. ಲೆಕ್ಕ ಸರಿಯಿದ್ದೂ ಅಂಕಿ ಇಳಿಯದಿದ್ದರೆ ಇದೇ ಬಗೆಯ ಇನ್ನೊಂದು ಮಾತ್ರೆ ಡಸಾಟಿನಿಬ್, ದಿನಕ್ಕೆ ಚದರ ಮೀಟರಿಗೆ 60 ಮಿ.ಗ್ರಾಂ. ಈ ಮಾತ್ರೆಯನ್ನು ಪುಡಿ ಮಾಡುವಂತಿಲ್ಲ, ಗ್ಯಾಸ್ ಮಾತ್ರೆ ಜೊತೆಗಿದ್ದರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿಲೋಟಿನಿಬ್ ಆದರೆ ಚದರ ಮೀಟರಿಗೆ 230 ಮಿ.ಗ್ರಾಂ.ನಂತೆ ದಿನಕ್ಕೆರಡು ಸಲ, ಇಮ್ಯಾಟಿನಿಬ್‌ಗೆ ತದ್ವಿರುದ್ಧವಾಗಿ ಖಾಲಿ ಹೊಟ್ಟೆಗೆ. ಇಸಿಜಿ ನೋಡದೆ ಶುರುಮಾಡಬಾರದು. ಟಿ315ಐ ಮ್ಯುಟೇಶನ್ ಇದ್ದರೆ ಈ ಮೂರೂ ನಾಟುವುದಿಲ್ಲ. ಆಗ ಪೊನಾಟಿನಿಬ್ ಅಥವಾ ಮಜ್ಜೆ ಕಸಿಯ ಮಾತು.

ರೋಗದಿಂದ ಊದಿದ್ದ ಗುಲ್ಮ (ಸ್ಪ್ಲೀನ್) ಕರಗಿ, ಮಗು ಆಡತೊಡಗಿದಾಗ ‘ವಾಸಿಯಾಯ್ತಲ್ಲ, ಇನ್ನು ಬೇಡ’ ಎಂದು ಮನೆಯವರೇ ಬಿಡುವ ಕಾಲ ಬರುತ್ತದೆ. ಅದಕ್ಕೇ ಮೊದಲ ದಿನವೇ ಚೀಟಿಯ ಮೇಲೆ ದೊಡ್ಡದಾಗಿ ಬರೆಯುತ್ತೇವೆ: ನಾವು ಹೇಳುವವರೆಗೆ ನಿಲ್ಲಿಸಬೇಡಿ, ಜಾತ್ರೆಗೆ ಹೋದರೂ ಒಂದು ವಾರದ್ದು ಹೆಚ್ಚಿಗೆ ಕಟ್ಟಿಕೊಂಡು ಹೋಗಿ.