ತೊಟ್ಟಿ ಮನೆಗೊಂದು ಹೊಸ ನೌಕರಿ: ಹಳೆ ಮನೆ ಕೆಡವದೆ ಬಳಸುವುದು ಹೇಗೆ?

ಊರಲ್ಲಿ ಅಜ್ಜನ ಕಾಲದ ತೊಟ್ಟಿ ಮನೆ. ಬೀಗ ಹಾಕಿ ವರ್ಷಗಳೇ ಆದವು. ಹಬ್ಬಕ್ಕೆ ಹೋದಾಗ ಬಾಗಿಲು ತೆಗೆದು, ಬಾವಲಿ ಓಡಿಸಿ, ದೇವರ ಮುಂದೆ ದೀಪ ಹಚ್ಚಿ ಬರುವುದಷ್ಟೇ. ಒಬ್ಬ ಅಣ್ಣ "ಕೆಡವಿ ಸೈಟ್ ಮಾಡೋಣ" ಅಂತಾನೆ. ಇನ್ನೊಬ್ಬ "ಅಪ್ಪ ಹುಟ್ಟಿದ ಮನೆ ಕಣೋ" ಅಂತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಅಷ್ಟರಲ್ಲಿ ಇನ್ನೊಂದು ಮಳೆಗಾಲ ಬಂದು ನಾಲ್ಕು ಹೆಂಚು ಜಾರಿರುತ್ತವೆ.

ಮೈಸೂರು ಸೀಮೆಯ ನಮ್ಮ ಮನೆಯ ಕತೆಯೂ ಇದೇ. ಈಗ ಅದರ ಜಗಲಿ ಮತ್ತು ಪಡಸಾಲೆಯಲ್ಲಿ ಊರಿನ ಮಕ್ಕಳು ಸಂಜೆ ಕೂತು ಓದುತ್ತಾರೆ. ಹಿಂದಿನ ಎರಡು ಕೋಣೆಗಳಲ್ಲಿ ಅತಿಥಿಗಳು ಉಳಿಯುತ್ತಾರೆ. ಇಲ್ಲಿಗೆ ಬರುವಷ್ಟರಲ್ಲಿ ಮಾಡಿದ ತಪ್ಪು ಒಂದೆರಡಲ್ಲ. ನಿಮಗೂ ಅಂಥದೊಂದು ಮನೆ ಇದ್ದರೆ, ಆ ತಪ್ಪುಗಳನ್ನು ನೀವು ಬಿಟ್ಟುಬಿಡಬಹುದು.

ಹಳೆ ಕಟ್ಟಡಕ್ಕೆ ಬೇರೆ ಕೆಲಸ ಕೊಡುವುದು ನಮಗೇನು ಹೊಸದಲ್ಲ. ಮೈಸೂರಿನ ಜಗನ್ಮೋಹನ ಅರಮನೆ ನೋಡಿ. ಕಟ್ಟಿದ್ದು 1861ರಲ್ಲಿ. 1897ರಲ್ಲಿ ದೊಡ್ಡ ಅರಮನೆಗೆ ಬೆಂಕಿ ಬಿದ್ದ ಮೇಲೆ, ಹೊಸದು ಸಿದ್ಧವಾಗುವವರೆಗೆ ರಾಜಮನೆತನ ಇಲ್ಲೇ ಇತ್ತು. 1915ರಲ್ಲಿ ಅದು ಚಿತ್ರಶಾಲೆ ಆಯಿತು. ವಿಜಯಪುರದ ಗೋಳಗುಮ್ಮಟದ ಮುಂದೆ ನಗಾರಿ ಬಾರಿಸಲು ಕಟ್ಟಿದ್ದ ನಗಾರಖಾನೆಯಲ್ಲಿ ಈಗ ಇರುವುದು ವಸ್ತುಸಂಗ್ರಹಾಲಯ. ನಮ್ಮದು ಅರಮನೆಯಲ್ಲ, ಸರಿ. ಆದರೆ ಲೆಕ್ಕ ಒಂದೇ.

ಮೊದಲು: ಒಂದು ಮಳೆಗಾಲ ಸುಮ್ನೆ ನೋಡಿ

ಕಂಟ್ರಾಕ್ಟರನ್ನು ಈಗಲೇ ಕರೆಯಬೇಡಿ. ಮೊದಲು ಮನೆಯ ನಕ್ಷೆ ಬರೆಯಿರಿ. ಟೇಪು, ಪೆನ್ಸಿಲ್, ಚೌಕುಳಿ ಹಾಳೆ ಸಾಕು. ಪ್ರತಿ ಕೋಣೆ, ಪ್ರತಿ ಕಂಬ, ಪ್ರತಿ ಬಾಗಿಲು ಅಳೆಯಿರಿ. ನಾಲ್ಕೂ ಗೋಡೆ ಮತ್ತು ಮಾಡಿನ, ಅಂದರೆ ಚಾವಣಿಯ, ಫೋಟೊ ತೆಗೆದಿಡಿ. ಅಳೆಯುವಾಗಲೇ ಎಷ್ಟೋ ಗೊತ್ತಾಗುತ್ತದೆ. ನಮ್ಮ ನಡುಮನೆಯ ಗೋಡೆ ಎರಡು ಅಡಿ ದಪ್ಪ ಇದೆ ಅಂತ ಗೊತ್ತಾದದ್ದು ಆವತ್ತೇ.

ಆಮೇಲೆ ಬಿರುಕುಗಳು. ಬಿರುಕು ಕಂಡರೆ ಗಾಬರಿ ಬೇಡ. ಅದು ಹಳೆ ಬಿರುಕೋ, ಇನ್ನೂ ಬೆಳೆಯುತ್ತಿದೆಯೋ ಅನ್ನುವುದು ಮುಖ್ಯ. ಬಿರುಕಿನ ಮೇಲೆ ಅಡ್ಡಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಮಳೆಗಾಲ ಕಳೆಯುವಷ್ಟರಲ್ಲಿ ಗಾಜು ಒಡೆದಿದ್ದರೆ ಗೋಡೆ ಅಲುಗುತ್ತಿದೆ ಅಂತ ಅರ್ಥ. ಆಗ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ, ಅದೂ ಮಣ್ಣಿನ ಮತ್ತು ಸುಣ್ಣದ ಗೋಡೆ ನೋಡಿ ಗೊತ್ತಿರುವವರನ್ನು. ಹಳೆ ಮನೆ ಅಂದ ಕೂಡಲೇ "ಇದು ಉಳಿಯಲ್ಲ ಸಾರ್" ಅನ್ನುವವರೂ ಇದ್ದಾರೆ. ಅಂಥ ಮಾತಿಗೆ ಹೆದರಿ ಹಾರೆ ಎತ್ತುವ ಮುಂಚೆ ಇನ್ನೊಬ್ಬರನ್ನು ಕೇಳಿ.

ಮಳೆ ಹೊಯ್ಯುವಾಗ ಒಂದು ದಿನವಾದರೂ ಮನೆಯೊಳಗೆ ಇರಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬರೆದಿಡಿ. ಮುಂದಿನ ಖರ್ಚಿನ ಅರ್ಧ ಪಟ್ಟಿ ಇಲ್ಲೇ ಸಿಗುತ್ತದೆ.

ಕಾಗದ ಪತ್ರ

ಬೇಜಾರಿನ ಕೆಲಸ, ಬೇಗ ಮುಗಿಸೋಣ. ಮನೆ ಯಾರ ಹೆಸರಲ್ಲಿದೆ, ಪಾಲಾಗಿದೆಯೋ ಇಲ್ಲವೋ, ಎಲ್ಲ ಪಾಲುದಾರರ ಒಪ್ಪಿಗೆ ಬರಹದಲ್ಲಿದೆಯೋ ನೋಡಿ. ಬಾಯಿಮಾತಿನ ಒಪ್ಪಿಗೆ ಹೆಂಚು ಬದಲಿಸುವವರೆಗೆ ಮಾತ್ರ ನಡೆಯುತ್ತದೆ. ಹೋಮ್‌ಸ್ಟೇ, ಅಂಗಡಿ, ಕಚೇರಿ ಏನೇ ಮಾಡಿದರೂ ಸ್ಥಳೀಯ ಪಂಚಾಯಿತಿ ಅಥವಾ ಪಾಲಿಕೆಯಲ್ಲಿ ಮೊದಲೇ ವಿಚಾರಿಸಿ. ಪಕ್ಕದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದ್ದರೆ ಇನ್ನೂ ಎಚ್ಚರ ಬೇಕು. ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ರಿಪೇರಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್‌ನಲ್ಲೂ ಅನುಮತಿ ಪಡೆದೇ ಕೈ ಹಾಕಬೇಕು.

ಮನೆಗೆ ತಕ್ಕ ಕೆಲಸ ಹುಡುಕಿ

ಹೆಚ್ಚಿನವರು ಎಡವುವುದು ಇಲ್ಲಿ. ಮೊದಲು "ಕೆಫೆ ಮಾಡೋಣ" ಅಂತ ತೀರ್ಮಾನಿಸಿ, ಆಮೇಲೆ ಮನೆಯನ್ನು ಕೆಫೆಗೆ ತಕ್ಕಂತೆ ಕಡಿಯುತ್ತಾರೆ. ಉಲ್ಟಾ ಹೋಗಿ. ಮನೆಯಲ್ಲಿ ಏನಿದೆ ಅಂತ ನೋಡಿ, ಅದಕ್ಕೆ ಒಗ್ಗುವ ಕೆಲಸ ಕೊಡಿ.

ಮೈಸೂರಿನ ಲಲಿತಮಹಲ್ 1974ರಲ್ಲಿ ಹೋಟೆಲ್ ಆಯಿತು. ಅದನ್ನು ಕಟ್ಟಿಸಿದ್ದೇ ವೈಸರಾಯ್‌ರಂಥ ಅತಿಥಿಗಳನ್ನು ಉಳಿಸಿಕೊಳ್ಳಲು. ಅಂದರೆ ಕೆಲಸ ಬದಲಾಗಲೇ ಇಲ್ಲ, ಬಿಲ್ ಕೊಡುವವರು ಬದಲಾದರು, ಅಷ್ಟೇ. ಬೆಂಗಳೂರಿನ ಹಳೆ ಸೆಂಟ್ರಲ್ ಜೈಲಿನದು ಬೇರೆ ಕತೆ. 2008ರಲ್ಲಿ ಅದು ಫ್ರೀಡಂ ಪಾರ್ಕ್ ಆದಾಗ ನಡುವಿನ ಕಾವಲು ಗೋಪುರ ಉಳಿಯಿತು, ಕೆಲವು ಬ್ಯಾರಕ್‌ಗಳೂ ಉಳಿದವು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು ಅದು. ಗೋಪುರ ಕೆಡವಿ ಬರೀ ಹುಲ್ಲು ಬೆಳೆಸಿದ್ದರೆ ಅದು ಇನ್ನೊಂದು ಪಾರ್ಕ್ ಆಗುತ್ತಿತ್ತು, ಅಲ್ವಾ?

ತೊಟ್ಟಿ ಮನೆಯಲ್ಲಿ ಇರುವುದೇನು? ನಡುವೆ ಬೆಳಕು, ಸುತ್ತ ನೆರಳು, ಅಂಚಿನಲ್ಲಿ ಸಣ್ಣ ಕತ್ತಲೆ ಕೋಣೆಗಳು. ಓದುವ ಜಾಗ, ಸಂಗೀತ ಪಾಠ, ಹೊಲಿಗೆ ತರಗತಿ, ಸಣ್ಣ ಕಚೇರಿ, ಎರಡು ಮೂರು ಕೋಣೆಯ ಹೋಮ್‌ಸ್ಟೇ ಇವೆಲ್ಲ ಒಗ್ಗುತ್ತವೆ. ಮದುವೆ ಹಾಲ್ ಒಗ್ಗುವುದಿಲ್ಲ. ಕಂಬ ತೆಗೆಯದೆ ಅಷ್ಟು ದೊಡ್ಡ ಜಾಗ ಸಿಗುವುದಿಲ್ಲ, ಕಂಬ ತೆಗೆದರೆ ಮಾಡೇ ಇಲ್ಲ.

ಭಾರದ ಲೆಕ್ಕವನ್ನೂ ಹಾಕಿ. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಬರುತ್ತದೆ ಅಂತ ಎಂಜಿನಿಯರುಗಳು ಹಿಡಿಯುತ್ತಾರೆ. ಪುಸ್ತಕ ಜೋಡಿಸಿದ ಗ್ರಂಥಾಲಯದ ಕೋಣೆಗೆ ಅದು 600 ಕೆ.ಜಿ. ದಾಟುತ್ತದೆ. ನಾವು ಮೊದಲು ಪುಸ್ತಕವನ್ನೆಲ್ಲ ಅಟ್ಟದಲ್ಲಿಟ್ಟು ಮಕ್ಕಳನ್ನು ಅಲ್ಲೇ ಕೂರಿಸಬೇಕು ಅಂದುಕೊಂಡಿದ್ದೆವು. ಚೆನ್ನಾಗಿ ಕಾಣುತ್ತಿತ್ತು, ಸಂಶಯವಿಲ್ಲ. ಮರದ ಜಂತೆ ಬಗ್ಗುತ್ತಿತ್ತು, ಅದರಲ್ಲೂ ಸಂಶಯವಿಲ್ಲ. ಕಪಾಟುಗಳು ಈಗ ಪಡಸಾಲೆಯ ಗೋಡೆ ಬದಿಯಲ್ಲಿ, ನೆಲದ ಮೇಲಿವೆ.

ಮಾಡಿನಿಂದ ಶುರು ಮಾಡಿ

ನೆಲ, ಬಣ್ಣ, ಲೈಟು ಎಲ್ಲ ಆಮೇಲೆ. ಮೊದಲು ಮಾಡು. ಹೆಂಚು ಇಳಿಸಿ, ತೊಳೆದು, ಒಡೆದದ್ದನ್ನು ಬೇರೆ ಮಾಡಿ. ಮಂಗಳೂರು ಹೆಂಚಾದರೆ ನಿಮ್ಮ ಅದೃಷ್ಟ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಬಂದ ಆ ಪದ್ಧತಿಯ ಹೆಂಚು ಹಳೆ ಮನೆ ಕೆಡವಿದ ಕಡೆ ಇವತ್ತಿಗೂ ಸಿಗುತ್ತದೆ. ಕುಂಬಾರರು ಮಾಡುವ ನಾಡಹೆಂಚಾದರೆ ಜೋಡಿಸಲು ಗೊತ್ತಿರುವ ಕೈ ಹುಡುಕಬೇಕು.

ಹೆಂಚು ಇಳಿದಾಗ ಅದರಡಿಯ ಮರದ ರೀಪು, ಜಂತೆ, ತೊಲೆ ಎಲ್ಲ ಬಯಲಿಗೆ ಬರುತ್ತವೆ. ಸ್ಕ್ರೂಡ್ರೈವರ್ ತಗೊಂಡು ಒಂದೊಂದನ್ನೂ ಚುಚ್ಚಿ ನೋಡಿ. ಸುತ್ತಿಗೆಯಿಂದ ತಟ್ಟಿ. ಗಟ್ಟಿ ಮರದ ಸದ್ದೇ ಬೇರೆ, ಗೆದ್ದಲು ತಿಂದ ಮರದ ಸದ್ದೇ ಬೇರೆ. ಗೋಡೆಯೊಳಗೆ ಹೋಗಿರುವ ತೊಲೆಯ ತುದಿಯನ್ನು ಬಿಡದೆ ನೋಡಿ, ಕೊಳೆಯಲು ಶುರುವಾಗುವುದು ಅಲ್ಲಿಂದ. ತುದಿ ಮಾತ್ರ ಕೊಳೆತಿದ್ದರೆ ಇಡೀ ತೊಲೆ ಎಸೆಯಬೇಕಿಲ್ಲ. ಕೆಟ್ಟ ಭಾಗ ಕತ್ತರಿಸಿ, ಅದೇ ಜಾತಿಯ ಹಳೆ ಮರದ ತುಂಡು ಸೇರಿಸಿ, ಕಬ್ಬಿಣದ ಪಟ್ಟಿ ಬಿಗಿಯಬಹುದು. ಒಳ್ಳೆ ಬಡಗಿ ಇದನ್ನು ಮಾಡಿಕೊಡುತ್ತಾರೆ. ಬಡಗಿ ಸಿಗುವವರೆಗೆ ಕಾಯಿರಿ.

"ಹೆಂಚು ತೆಗೆದು ಆರ್‌ಸಿಸಿ ಹಾಕಿಬಿಡೋಣ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಲೆಕ್ಕ ಕೇಳಿ. ಐದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಚದರ ಮೀಟರಿಗೆ 300 ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಹೆಂಚಿನ ಹಾಸು 40 ಕೆ.ಜಿ. ಆಸುಪಾಸು. ಹಗುರ ಮಾಡು ಹೊತ್ತುಕೊಂಡು ನಿಂತ ಮಣ್ಣಿನ ಗೋಡೆಯ ತಲೆ ಮೇಲೆ ಅಷ್ಟು ಹೊರೆ ಇಡುವುದೇ?

ಎರಡು ಮಾಡು ಕೂಡುವ ಮೂಲೆಯಲ್ಲಿ ತಗಡಿನ ಕಾಲುವೆ ಇರುತ್ತದೆ. ತೊಟ್ಟಿ ಮನೆಯಲ್ಲಿ ಅಂಥವು ನಾಲ್ಕು. ಸೋರಿಕೆಯಲ್ಲಿ ಮುಕ್ಕಾಲು ಪಾಲು ಅಲ್ಲೇ ಅಂತ ನನ್ನ ಅನುಭವ. ಅವನ್ನು ಅಗಲವಾಗಿ ಹೊಸದಾಗಿ ಮಾಡಿಸಿ. ಇಲ್ಲಿ ದುಡ್ಡು ಉಳಿಸಬೇಡಿ.

ಗೋಡೆಗೆ ಸಿಮೆಂಟ್ ಮುಟ್ಟಿಸಬೇಡಿ

ನಮ್ಮ ದೊಡ್ಡ ತಪ್ಪು ಇದು. ಅಡುಗೆಮನೆಯ ಗೋಡೆ ಉದುರುತ್ತಿತ್ತು. ಮೇಸ್ತ್ರಿಯೊಬ್ಬರು ಎರಡೇ ದಿನದಲ್ಲಿ ಸಿಮೆಂಟ್ ಗಿಲಾವು ಮಾಡಿಕೊಟ್ಟರು. ಕನ್ನಡಿ ಹಾಗಿತ್ತು. ಮುಂದಿನ ಮಳೆಗಾಲಕ್ಕೆ ಅದು ಹಪ್ಪಳದ ಹಾಗೆ ಉಬ್ಬಿತು, ಅದರ ಮುಂದಿನದಕ್ಕೆ ಹಾಳೆ ಹಾಳೆಯಾಗಿ ಬಿತ್ತು. ಬೀಳುವಾಗ ಹಿಂದಿನ ಮಣ್ಣಿನ ಗೋಡೆಯನ್ನೂ ಎರಡು ಇಂಚು ಕಿತ್ತುಕೊಂಡು ಬಿತ್ತು.

ಕಾರಣ ಸರಳ. ಹಳೆ ಗೋಡೆಗಳಿಗೆ ನೆಲದಿಂದ ತೇವ ಏರುತ್ತಲೇ ಇರುತ್ತದೆ, ಏಕೆಂದರೆ ಅಡಿಪಾಯದ ಮೇಲೆ ತೇವ ತಡೆಯುವ ಪದರ ಇರುವುದಿಲ್ಲ. ಸುಣ್ಣದ ಗಾರೆಯ ಮೂಲಕ ಆ ತೇವ ಹೊರಗೆ ಹೋಗಿ ಆರುತ್ತದೆ. ಸಿಮೆಂಟ್ ಅದನ್ನು ಬಿಡುವುದಿಲ್ಲ. ತೇವ ಒಳಗೇ ಕೂತು, ಉಪ್ಪು ಸೇರಿ, ಗೋಡೆಯನ್ನು ಒಳಗಿನಿಂದ ತಿನ್ನುತ್ತದೆ. ಸಾಲದ್ದಕ್ಕೆ ಸಿಮೆಂಟ್ ಬಿಗಿ, ಮಣ್ಣು ಮೆತ್ತಗೆ. ಬಿಸಿಲಿಗೆ ಎರಡೂ ಒಂದೇ ಥರ ಹಿಗ್ಗುವುದಿಲ್ಲ.

ಹಾಗಾಗಿ ಸುಣ್ಣ. ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ಕನಿಷ್ಠ ಎರಡು ವಾರ ನೀರಿನಡಿ ಮಾಗಲು ಬಿಡಿ. ಅರಳುವಾಗ ಕುದಿಯುತ್ತದೆ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಆಮೇಲೆ ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು. ತೇವ ಜಾಸ್ತಿ ಇರುವ ಕಡೆ ಮರಳಿನ ಸ್ವಲ್ಪ ಭಾಗಕ್ಕೆ ಬದಲಾಗಿ ಇಟ್ಟಿಗೆ ಪುಡಿ, ಅಂದರೆ ಸುರ್ಕಿ. ಹಳಬರು ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸುತ್ತಿದ್ದರು. ಅದರ ಹದ ಗೊತ್ತಿರುವವರು ಜೊತೆಗಿದ್ದರೆ ಮಾತ್ರ ಹಾಕಿ. ಅಂಗೈ ಅಗಲದ ಜಾಗದಲ್ಲಿ ಮೊದಲು ಮೆತ್ತಿ ನೋಡಿ, ಬಿರುಕು ಬಿಡದಿದ್ದರೆ ಮುಂದುವರಿಸಿ.

ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅವಸರ ಮಾಡಿದರೆ ಕೈಕೊಡುತ್ತದೆ. ಒದ್ದೆ ಗೋಣಿ ಹೊದಿಸಿ ನೆರಳಲ್ಲಿಡಿ. ಮೇಲಿನ ಬಣ್ಣವೂ ಸುಣ್ಣವೇ ಇರಲಿ. ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಇಷ್ಟು ಮಾಡಿದ್ದೂ ದಂಡ.

ನೀರು, ಕರೆಂಟು, ಬೆಂಕಿ

ಅತಿಥಿ ಬರುತ್ತಾರೆ ಅಂದರೆ ಕೋಣೆಗೊಂದು ಬಾತ್‌ರೂಮ್ ಬೇಕು. ಮಣ್ಣಿನ ಗೋಡೆಗೆ ಒರಗಿಸಿ ಶವರ್ ಹಾಕುವುದು ಮಾತ್ರ ಬೇಡ. ಹಿತ್ತಲಿನ ಕಡೆ, ಹಳೆ ಬಚ್ಚಲು ಅಥವಾ ಕೊಟ್ಟಿಗೆ ಇದ್ದ ಜಾಗದಲ್ಲಿ, ಹಳೆ ಗೋಡೆಯಿಂದ ಒಂದಡಿ ಬಿಟ್ಟು ಹೊಸದಾಗಿ ಕಟ್ಟಿ. ಪೈಪು ಒಡೆದರೂ ನೀರು ಹಿತ್ತಲಿಗೆ ಹೋಗಲಿ.

ವೈರಿಂಗ್ ಪೂರ್ತಿ ಹೊಸದು, ಅದರಲ್ಲಿ ರಾಜಿ ಬೇಡ. ಲೋಡ್ ಜಾಸ್ತಿಯಾದರೆ ಕರೆಂಟು ಕಡಿಯುವ ಎಂಸಿಬಿ, ಕರೆಂಟು ಸೋರಿದರೆ ಕಡಿಯುವ ಆರ್‌ಸಿಸಿಬಿ ಎರಡೂ ಇರಲಿ. ಆದರೆ ಗೋಡೆ ಕೊರೆದು ಪೈಪು ಹೂಳಬೇಡಿ. ಗೋಡೆ ಮೇಲೆ ಕಾಣುವ ಹಾಗೆ, ನೇರವಾಗಿ, ತೊಲೆಯ ಬದಿ ಹಿಡಿದು ಓಡಿಸಿ. ನಾಳೆ ಯಾರಿಗಾದರೂ ಬೇಡವಾದರೆ ಸ್ಕ್ರೂ ಬಿಚ್ಚಿದರೆ ಮುಗಿಯಿತು. ಹೊಸ್ತಿಲ ಮೇಲಿನ ಮರದ ರ‍್ಯಾಂಪಿಗೂ ಇದೇ ಮಾತು. ಹಿರಿಯರಿಗೆ ಬೇಕೇ ಬೇಕು, ಆದರೆ ಹೊಸ್ತಿಲು ಕತ್ತರಿಸಬೇಕಿಲ್ಲ.

ಮರದ ಮನೆ ಅನ್ನುವುದು ಮರೆಯಬೇಡಿ. ಗ್ಯಾಸ್ ಸಿಲಿಂಡರ್ ಹೊರಗೆ, ಬೆಂಕಿ ಆರಿಸುವ ಸಿಲಿಂಡರ್ ಒಳಗೆ.

ತೊಟ್ಟಿ ಮುಚ್ಚಬೇಡಿ

ಮಳೆ ಒಳಗೆ ಬರುತ್ತದೆ ಅಂತ ತೊಟ್ಟಿಯ ಮೇಲೆ ಪ್ಲಾಸ್ಟಿಕ್ ಶೀಟು ಬಿಗಿಯುವುದು ಈಗಿನ ಚಾಳಿ. ಬಿಸಿಗಾಳಿ ಮೇಲೇರಿ ಹೊರಗೆ ಹೋಗುವ ದಾರಿ ಅದು. ಅದನ್ನು ಮುಚ್ಚಿದರೆ ಏಪ್ರಿಲ್‌ನಲ್ಲಿ ಮನೆ ಒಲೆಯಾಗುತ್ತದೆ, ಆಮೇಲೆ ಎಸಿ ಬೇಕು ಅನ್ನಿಸುತ್ತದೆ. ಮುಚ್ಚಲೇಬೇಕಾದರೆ ಮಾಡಿಗಿಂತ ಎರಡು ಮೂರು ಅಡಿ ಎತ್ತರದಲ್ಲಿ, ಸುತ್ತ ಗಾಳಿ ಆಡುವ ಹಾಗೆ ಬಿಟ್ಟು ಗಾಜು ಹಾಕಿಸಿ. ನಾವು ಹಾಕಿಸಲಿಲ್ಲ. ಮಳೆ ಬಂದರೆ ಮಕ್ಕಳು ಪುಸ್ತಕ ಮಡಚಿಟ್ಟು ನೋಡುತ್ತಾ ಕೂರುತ್ತಾರೆ.

ಹೊಸದು ಹೊಸದಾಗಿಯೇ ಕಾಣಲಿ

ಜಾಗ ಸಾಲದೆ ಇನ್ನೊಂದು ಕಟ್ಟಡ ಸೇರಿಸಬೇಕಾದರೆ, ಹಳೆಯದರ ನಕಲು ಮಾಡಬೇಡಿ. ಸಿಮೆಂಟಿನ ಕಂಬಕ್ಕೆ ಮರದ ಬಣ್ಣ ಬಳಿಯುವುದು ನೋಡಲು ಕಷ್ಟ. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ ಬನ್ನಿ. 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಹಳೆ ಬಂಗಲೆ ಹಾಗೇ ಇದೆ, ಜೊತೆಗೆ ಕಟ್ಟಿದ ಹೊಸ ಗ್ಯಾಲರಿ ಹೊಸದಾಗಿಯೇ ಕಾಣುತ್ತದೆ. ಯಾವುದು ಯಾವ ಕಾಲದ್ದು ಅಂತ ಯಾರೂ ಕೇಳಬೇಕಿಲ್ಲ.

ಮುಗಿದ ಮೇಲೆ

ಒಂದು ನೋಟ್‌ಬುಕ್ ಇಡಿ. ಯಾವ ತೊಲೆಗೆ ಎಲ್ಲಿ ತುಂಡು ಸೇರಿಸಿದ್ದು, ಗಾರೆಯ ಹದ ಎಷ್ಟು, ವೈರು ಎಲ್ಲಿ ಹೋಗಿದೆ ಎಲ್ಲ ಬರೆಯಿರಿ. ಬಡಗಿ, ಮೇಸ್ತ್ರಿಯ ಫೋನ್ ನಂಬರೂ ಅದರಲ್ಲೇ ಇರಲಿ. ಪ್ರತಿ ಮೇ ತಿಂಗಳು, ಮಳೆಗೆ ಮುಂಚೆ, ಮಾಡಿನ ಮೇಲಿನ ಎಲೆ ಗುಡಿಸಿ, ಮೂಲೆಯ ತಗಡು ನೋಡಿ, ಜಾರಿದ ಹೆಂಚು ಸರಿ ಮಾಡಿಸಿ. ನಮ್ಮ ಹಿತ್ತಲಿನಲ್ಲಿ ಬಿಡಿ ಹೆಂಚು ಇನ್ನೂರು ಜೋಡಿಸಿಟ್ಟಿದ್ದೆವು. ಹೋದ ವರ್ಷ ಎಣಿಸಿದಾಗ ನೂರಾ ಅರವತ್ತು ಇದ್ದವು. "ಕೆಡವೋಣ" ಅಂದಿದ್ದ ಅಣ್ಣನೇ ಈಗ ಹಳೆ ಮನೆ ಕೆಡವುವ ಕಡೆಯೆಲ್ಲ ಹೋಗಿ ಹೆಂಚು ಕೇಳಿ ತರುತ್ತಾನೆ.