ಖಣಿಯ ಯಂತ್ರಗಳಲ್ಲಿ ಶೇ 20 ಬಯೋಡೀಸೆಲ್: ನನ್ನ ಅನುಭವ

ಶಹಾಬಾದಿನ ಫರಸಿ ಕಲ್ಲಿನ ಖಣಿಗಳಲ್ಲಿ ದುಡಿಯುವ ನನ್ನ ಎರಡು ಹಿಟಾಚಿಗಳು ಡೀಸೆಲ್‌ಗೆ ಶೇ 20 ಬಯೋಡೀಸೆಲ್ (ಎಣ್ಣೆಯಿಂದ ತಯಾರಿಸಿದ ಇಂಧನ) ಬೆರೆಸಿದ ಮಿಶ್ರಣದಲ್ಲಿ ಎರಡು ಮಳೆಗಾಲ ದಾಟಿವೆ. ಮೂರೇ ತಿಂಗಳಿಗೆ ಎಂಜಿನ್ನಿನ ಡೀಸೆಲ್ ಪಂಪು ಕೈಕೊಡುತ್ತದೆ ಎಂದಿದ್ದ ಕಲಬುರಗಿಯ ಪಂಪ್ ಮಿಸ್ತ್ರಿಯವರು ಈಗ ತಮ್ಮ ಗಿರಾಕಿಗಳನ್ನೇ ನನ್ನ ಬಳಿಗೆ ಕಳುಹಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಿಂಗಳು ಮಿಸ್ತ್ರಿಯವರ ಮಾತೇ ನಿಜವಾಗುವಂತಿತ್ತು. ಬಕೆಟ್ಟಿಗೆ ಲೋಡ್ ಬಿದ್ದೊಡನೆ ಹಳೆಯ ಹಿಟಾಚಿಯ ಆರ್‌ಪಿಎಂ ಕುಸಿಯುತ್ತಿತ್ತು. ಫಿಲ್ಟರನ್ನು ಹ್ಯಾಕ್ಸಾದಿಂದ ಕೊಯ್ದು ಒಳಗಿನ ಕಾಗದ ಬಿಡಿಸಿದಾಗ, ಮಡಿಕೆ ಮಡಿಕೆಯಲ್ಲೂ ಬೆರಳಿಗೆ ಅಂಟುವ ಕಪ್ಪು ರಾಡಿ ತುಂಬಿತ್ತು. ವರ್ಷಗಟ್ಟಲೆ ಡೀಸೆಲ್ ಬಿಟ್ಟ ಗಷ್ಟನ್ನು ಬಯೋಡೀಸೆಲ್ ಟ್ಯಾಂಕಿನ ತಳದಿಂದ ಕರಗಿಸಿ ಎಬ್ಬಿಸಿತ್ತು. ಟ್ಯಾಂಕ್ ಇಳಿಸಿ ತೊಳೆಸಿ, ಬಯೋಡೀಸೆಲ್ ತಿನ್ನುವ ರಬ್ಬರ್ ಪೈಪುಗಳ ಜಾಗಕ್ಕೆ ಅದನ್ನು ತಾಳುವ ವೈಟಾನ್ ಪೈಪು, ಹಿತ್ತಾಳೆ ಕನೆಕ್ಟರುಗಳ ಜಾಗಕ್ಕೆ ಸ್ಟೀಲಿನವನ್ನು ಹಾಕಿಸಿ, ಶೇ 5ರಿಂದ ಮತ್ತೆ ಶುರು ಮಾಡಿ ನಿಧಾನವಾಗಿ 20ಕ್ಕೆ ಏರಿಸಿದೆ. ಯಂತ್ರವೊಂದಕ್ಕೆ ಹದಿನೆಂಟು–ಇಪ್ಪತ್ತು ಸಾವಿರ ರೂಪಾಯಿ ಬಿತ್ತು. ಅಲ್ಲಿಂದೀಚೆಗೆ ಫಿಲ್ಟರುಗಳು ಎಂದಿನ ಗಡುವಿಗೇ ಬದಲಾಗುತ್ತಿವೆ.

ಉಳಿತಾಯವನ್ನು ಹಿಗ್ಗಿಸಿ ಹೇಳುವುದಿಲ್ಲ. ಒಂದು ಹಿಟಾಚಿ ದಿನಕ್ಕೆ ಸುಮಾರು ನೂರು ಲೀಟರ್ ಕುಡಿಯುತ್ತದೆ. ಬಯೋಡೀಸೆಲ್ ನನಗೆ ಲೀಟರಿಗೆ ಹದಿನೈದು ರೂಪಾಯಿ ಅಗ್ಗಕ್ಕೆ ಸಿಗುವುದರಿಂದ ಅದರ ಇಪ್ಪತ್ತು ಲೀಟರಿಗೆ ಮುನ್ನೂರು ರೂಪಾಯಿ ಉಳಿಯಬೇಕು. ಆದರೆ ಅದರ ಕಾವು ಡೀಸೆಲ್‌ಗಿಂತ ಕಡಿಮೆ, ಹೀಗಾಗಿ ಒಂದೂವರೆ–ಎರಡು ಲೀಟರ್ ಹೆಚ್ಚಿಗೆ ಸುಟ್ಟು ಅರ್ಧದಷ್ಟು ಉಳಿತಾಯ ಅಲ್ಲಿಗೇ ಹೋಗುತ್ತದೆ. ತಿಂಗಳಿಗೆ ಯಂತ್ರವೊಂದಕ್ಕೆ ನಾಲ್ಕು ಸಾವಿರದ ಆಸುಪಾಸು ಕೈಯಲ್ಲಿ ನಿಂತರೆ ಅದೇ ಲಾಭ.

ಇನ್ನೂ ಐದು ರೂಪಾಯಿ ಅಗ್ಗಕ್ಕೆ ಕೊಡುತ್ತೇನೆಂದ ಒಬ್ಬರ ಮಾಲನ್ನು 27 ಮಿಲೀ ಮೆಥನಾಲಿಗೆ 3 ಮಿಲೀ ಹಾಕಿ ಅಲುಗಾಡಿಸಿ ನೋಡಿದೆ. ತಳದಲ್ಲಿ ಎಣ್ಣೆಯ ಹನಿ ಕೂತಿತು, ಅಂದರೆ ಅದರಲ್ಲಿ ಬಯೋಡೀಸೆಲ್ ಆಗದ ಹಸಿ ಎಣ್ಣೆ ಉಳಿದಿತ್ತು. ಬ್ಯಾರೆಲ್ಲುಗಳನ್ನು ಬಾಗಿಲಿನಿಂದಲೇ ವಾಪಸ್ ಕಳುಹಿಸಿದೆ. ಬಯೋಡೀಸೆಲ್‌ನ ಭಾರತೀಯ ಗುಣಮಟ್ಟವಾದ ಐಎಸ್ 15607ರ ವರದಿ ಕೈಗೆ ಕೊಟ್ಟರೂ ಈ ಪರೀಕ್ಷೆಯನ್ನು ನಾನು ಬಿಡುವುದಿಲ್ಲ.

ಮಿಶ್ರಣ ಮಾಡುವಾಗ ಡೀಸೆಲ್ ಮೊದಲು, ಭಾರವಾದ ಬಯೋಡೀಸೆಲ್ ಅದರ ಮೇಲೆ. ಡಿಸೆಂಬರಿನಲ್ಲಿ ಬೀದರಿನ ಕೆಲಸಕ್ಕೆ ಹೋದಾಗ, ಕರಿದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಬೆಳಗಿನ ಚಳಿಗೆ ಬ್ಯಾರೆಲ್ಲಿನಲ್ಲೇ ಬೆಳ್ಳಗೆ ಹೆಪ್ಪುಗಟ್ಟತೊಡಗಿತು. ಅದರಲ್ಲಿ ತಾಳೆ ಎಣ್ಣೆಯ ಪಾಲು ಹೆಚ್ಚಿತ್ತು. ಅಲ್ಲಿ ಬಿಸಿಲೇರಿದ ಮೇಲೆಯೇ ಮಿಶ್ರಣ ಮಾಡಿಸಿದೆ. ಮಳೆಗಾಲದ ನೀರು ಇದಕ್ಕಿಂತ ದೊಡ್ಡ ಪೀಡೆ. ಸಂಜೆ ಟ್ಯಾಂಕ್ ತುಂಬಿಸಿ ನಿಲ್ಲಿಸುವುದು, ಬೆಳಿಗ್ಗೆ ಇಂಧನದಿಂದ ನೀರು ಬೇರ್ಪಡಿಸುವ ಸೆಪರೇಟರಿನ ನೀರು ಬಿಡುವುದು ಎಲ್ಲರಿಗೂ ತಿಳಿದದ್ದೇ. ಬ್ಯಾರೆಲ್ಲಿನ ಗಾಳಿರಂಧ್ರಕ್ಕೆ ನಾನು ಏನು ಸಿಕ್ಕಿಸುತ್ತೇನೆ ಎಂಬುದು ಸದ್ಯ ನನ್ನ ಆಪರೇಟರಿಗೆ ಮಾತ್ರ ಗೊತ್ತು.

ಖಣಿಯ ಹಳೆಯ ಪಂಪ್‌ಸೆಟ್ಟಿಗೆ ಹೊಂಗೆ ಎಣ್ಣೆಯನ್ನು ಹಾಗೆಯೇ ಹಾಕಿಯೂ ನೋಡಿದ್ದೇನೆ. ವಾರವೆರಡರಲ್ಲಿ ನಾಜಲ್ ತುದಿಗೆ ಇದ್ದಿಲಿನಂತಹ ಕರಿ ಕಟ್ಟಿತು. ಅಷ್ಟು ಮಂದವಾದ ಎಣ್ಣೆ ಸರಿಯಾಗಿ ಸಿಂಪಡಣೆಯಾಗುವುದಿಲ್ಲ. ಕಂಪ್ರೆಸರಿಗೆ ಶೇ 40 ಹಾಕಿದಾಗ ಯಂತ್ರ ಓಡಿತು, ಆದರೆ ಎಂಜಿನ್ ಆಯಿಲ್ ಬೇಗ ತೆಳುವಾಯಿತು. ಅದನ್ನೂ 20ಕ್ಕೆ ಇಳಿಸಿದೆ. ಹೊಸದಾಗಿ ತಂದಿರುವ, ಹೆಚ್ಚು ಒತ್ತಡದಲ್ಲಿ ಇಂಧನ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ನಿನ ಜೆಸಿಬಿಗೆ ಮಾತ್ರ ವಾರಂಟಿ ಮುಗಿಯುವವರೆಗೆ ಬಂಕಿನ ಡೀಸೆಲ್ಲೇ.