ತೆಂಗಿನ ಮರವಿಲ್ಲದ ಕೆರಿಬಿಯನ್

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನ ಫ್ಲ್ಯಾಟ್‌ಬುಷ್ ಕಡೆ ಜಮೈಕಾದವರ ಪ್ಯಾಟಿ ಅಂಗಡಿ, ಟ್ರಿನಿಡಾಡಿನವರ ರೋಟಿ ಅಂಗಡಿ, ಹೈಟಿಯವರ ಬೇಕರಿ ಎಲ್ಲ ಒಂದರ ಪಕ್ಕ ಒಂದು ಸಿಗುತ್ತವೆ. 2017ರಿಂದ ಈ ಭಾಗಕ್ಕೆ ‘ಲಿಟಲ್ ಕೆರಿಬಿಯನ್’ ಎಂಬ ಹೆಸರೂ ಬಿದ್ದಿದೆ. ನಾನು ಕೆಲಸ ಮಾಡುವ ಚಿಕ್ಕ ಗ್ಯಾಲರಿ ಇಲ್ಲೇ ಇದೆ. ಪ್ರದರ್ಶನದ ರೂಪರೇಷೆ, ಗೋಡೆ, ಬೆಳಕು, ಕರಾರು ಎಲ್ಲ ನನ್ನ ತಲೆಯ ಮೇಲೆ. ಇಲ್ಲಿಯೇ ಬೆಳೆದ, ಜಮೈಕಾ ಮೂಲದ ಗ್ರಾಫಿಟಿ (ಗೋಡೆ, ರೈಲುಗಳ ಮೇಲೆ ಸ್ಪ್ರೇ ಬಣ್ಣದಲ್ಲಿ ಬರೆಯುವ ಅಕ್ಷರಚಿತ್ರ) ಕಲಾವಿದೆಯೊಬ್ಬರ ಏಕವ್ಯಕ್ತಿ ಪ್ರದರ್ಶನವನ್ನು ಮಾಡಿ ಮುಗಿಸಿದ್ದೇವೆ. ಇಂಥ ಕೆಲಸಕ್ಕೆ ಕೈಹಾಕುವ ನಮ್ಮವರಿಗೆ ಉಪಯೋಗವಾಗಲಿ ಎಂದು ಅದನ್ನು ಹೇಗೆ ಮಾಡಿದೆವು ಎಂಬುದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲೇ ಅವರು ಒಂದು ಷರತ್ತು ಹಾಕಿದರು. ತೆಂಗಿನ ಮರ ಬೇಡ, ಕಡಲತೀರ ಬೇಡ, ಕೆಂಪು-ಹಳದಿ-ಹಸಿರಿನ ಪಟ್ಟೆ ಬೇಡ. “ಅದೆಲ್ಲ ಪ್ರವಾಸಿಗರ ಜಮೈಕಾ. ನನ್ನ ಜಮೈಕಾ ಇರುವುದು ನನ್ನ ಅಕ್ಷರದಲ್ಲಿ” ಎಂದರು. ಮಾತು ಸರಿಯಾಗಿತ್ತು. ಆದರೆ ಅದನ್ನು ಬರುವ ಜನರಿಗೆ ಕಾಣುವಂತೆ ಮಾಡುವುದು ಹೇಗೆ?

ಉತ್ತರ ಅವರ ಮನೆಯ ಅಟ್ಟದಲ್ಲಿದ್ದ ಹಳೆಯ ನೋಟ್‌ಬುಕ್ಕಿನಲ್ಲಿತ್ತು. ಜಮೈಕಾದಲ್ಲಿ ಡ್ಯಾನ್ಸ್‌ಹಾಲ್ ಎಂಬ ಹಾಡು-ಕುಣಿತದ ಕಾರ್ಯಕ್ರಮಗಳಿಗೆ ಕೈಯಿಂದ ಬರೆದ ಬೋರ್ಡುಗಳನ್ನು ಲೈಟುಕಂಬಕ್ಕೂ ಮರಕ್ಕೂ ಮೊಳೆ ಹೊಡೆದು ತೂಗುಹಾಕುತ್ತಾರೆ. ಹಾರ್ಡ್‌ಬೋರ್ಡಿನ ಮೇಲೆ ಕಣ್ಣುಕುಕ್ಕುವ ಬಣ್ಣದಲ್ಲಿ ತಾರೀಕು, ಜಾಗ, ಯಾವ ಸೌಂಡ್ ಸಿಸ್ಟಮ್ (ಸ್ಪೀಕರುಗಳೊಂದಿಗೆ ಬಂದು ಹಾಡು ಹಾಕುವ ತಂಡ) ಬರುತ್ತದೆ ಎಂಬ ವಿವರ. ಕಾರ್ಯಕ್ರಮ ಮುಗಿದ ಮೇಲೆ ಅವನ್ನು ಕೇಳುವವರಿಲ್ಲ, ಮಳೆಗೆ ನೆನೆದು ಉಬ್ಬಿ ಉದುರಿಹೋಗುತ್ತವೆ. ಕಲಾವಿದೆ ಬಾಲ್ಯದಲ್ಲಿ ರಜೆಗೆ ಅಜ್ಜಿಯ ಊರಿಗೆ ಹೋದಾಗ ಇಂಥ ಬೋರ್ಡುಗಳ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದರು. ನ್ಯೂಯಾರ್ಕಿಗೆ ಮರಳಿದ ಮೇಲೆ ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ರೈಲುಡಬ್ಬಿಗಳ ಗ್ರಾಫಿಟಿಯನ್ನು ಅಭ್ಯಾಸ ಮಾಡಿದ್ದರು. ಮುಂದಿನಿಂದ ಒಂದು ಲಿಪಿ, ಹಿಂದಿನಿಂದ ಇನ್ನೊಂದು. ನಡುವಿನ ಪುಟಗಳಲ್ಲಿ ಎರಡೂ ಬೆರೆತಿದ್ದವು. ಆ ನಡುವಿನ ಪುಟಗಳೇ ನಮ್ಮ ಪ್ರದರ್ಶನ ಎಂದು ತೀರ್ಮಾನಿಸಿದೆವು.

ಉದಾಹರಣೆಗೆ ಅವರ ‘ಆರ್’ ಅಕ್ಷರ. ನೆಟ್ಟನೆಯ ಬೆನ್ನು, ದುಂಡು ಹೊಟ್ಟೆ. ಇಷ್ಟು ಬೋರ್ಡು ಬರೆಯುವವರ ಚಪ್ಪಟೆ ಕುಂಚದ ಕೆಲಸ, ಒಂದೊಂದಕ್ಕೆ ಒಂದೇ ಎಳೆತ. ನೆರಳು ಎಡಕ್ಕೆ, ಕೆಳಕ್ಕೆ ಬೀಳುತ್ತದೆ. ಬೋರ್ಡು ಬರೆಯುವವರು ಹೆಚ್ಚಾಗಿ ಹೀಗೇ ಹಾಕುವುದು, ಯಾಕೆಂದರೆ ಇಂಗ್ಲಿಷ್ ಅಕ್ಷರಗಳಿಗೆ ಎಡಗಡೆ ನೆರಳು ಕೊಟ್ಟರೆ ಎಳೆತಗಳು ಕಡಿಮೆ ಸಾಕು. ಆದರೆ ಅಕ್ಷರದ ಕಾಲು ಮಾತ್ರ ಸುಮ್ಮನೆ ನಿಲ್ಲುವುದಿಲ್ಲ. ಬಾಣದ ತುದಿಯಾಗಿ ಹೊರಳಿ ಪಕ್ಕದ ಅಕ್ಷರದ ಅಡಿಗೆ ನುಗ್ಗುತ್ತದೆ. ಅದು ಎಪ್ಪತ್ತರ ದಶಕದ ಬ್ರಾಂಕ್ಸ್, ನ್ಯೂಯಾರ್ಕಿನ ಗ್ರಾಫಿಟಿ ಬೆಳೆದ ಭಾಗ. ಒಂದೇ ಅಕ್ಷರದಲ್ಲಿ ಎರಡು ಊರು ಇರುವಾಗ ತೆಂಗಿನ ಮರ ಯಾಕೆ ಬೇಕು?

ಈ ಬೆರಕೆ ಅವರೊಬ್ಬರದೇ ಅಲ್ಲ ಎಂಬುದನ್ನೂ ತೋರಿಸಬೇಕಿತ್ತು. ನ್ಯೂಯಾರ್ಕ್ ಗ್ರಾಫಿಟಿಯ ಕಥೆಯಲ್ಲಿ ಕೆರಿಬಿಯನ್ ಮನೆಗಳ ಮಕ್ಕಳು ಹೆಜ್ಜೆಹೆಜ್ಜೆಗೂ ಸಿಗುತ್ತಾರೆ. ರೈಲುಡಬ್ಬಿಗಳನ್ನು ಉದ್ದಕ್ಕೂ ಬಣ್ಣದಲ್ಲಿ ಮುಳುಗಿಸಿದ ಲೀ ಕಿನ್ಯೋನೆಸ್ ಹುಟ್ಟಿದ್ದು ಪೋರ್ಟೊ ರಿಕೊದ ಪೊನ್ಸೆಯಲ್ಲಿ. ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಹೆಸರಾಂತ ಚಿತ್ರಕಾರ ಜೀನ್-ಮಿಶೆಲ್ ಬಾಸ್ಕಿಯಾ ಅವರ ತಂದೆ ಹೈಟಿಯವರು, ತಾಯಿಯ ಮೂಲ ಪೋರ್ಟೊ ರಿಕೊ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ ಸೆಡ್ಜ್‌ವಿಕ್ ಅವೆನ್ಯೂದ ಕಟ್ಟಡವೊಂದರಲ್ಲಿ ತಂಗಿಯ ಪಾರ್ಟಿಗೆ ಹಾಡು ಹಾಕಿ ಹಿಪ್‌ಹಾಪ್ ಸಂಗೀತಕ್ಕೆ ದಾರಿ ತೆಗೆದ ಡಿಜೆ ಕೂಲ್ ಹರ್ಕ್ ಅವರ ಹುಟ್ಟೂರು ಜಮೈಕಾದ ಕಿಂಗ್‌ಸ್ಟನ್. ಆ ಹರ್ಕ್ ಕೂಡ ಹುಡುಗನಾಗಿದ್ದಾಗ ಗೋಡೆಗಳ ಮೇಲೆ ತನ್ನ ಹೆಸರು ಬರೆದವರೇ. ಇದನ್ನೆಲ್ಲ ದೊಡ್ಡ ಫಲಕ ಮಾಡಿ ಬಾಗಿಲಲ್ಲೇ ನಿಲ್ಲಿಸಿ ಎಂದು ಕೆಲವರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಒಬ್ಬರ ಪ್ರದರ್ಶನದ ಬಾಗಿಲಲ್ಲಿ ಹತ್ತು ಜನ ಪ್ರಸಿದ್ಧರ ಹೆಸರು ಹಾಕಿದರೆ ಒಳಗಿರುವವರು ಕುಗ್ಗುತ್ತಾರೆ. ಚರಿತ್ರೆಯನ್ನು ಒಳಕೋಣೆಯ ಮೇಜಿನ ಮೇಲೆ, ನೋಟ್‌ಬುಕ್ಕುಗಳ ಪಕ್ಕದಲ್ಲಿ ಇಟ್ಟೆ. ಬೇಕಾದವರು ಕೂತು ಓದಿದರು.

ಆ ಮೇಜಿನ ಮೇಲೆ ಒಂದು ಸಾಲು ನನಗಾಗಿಯೂ ಇತ್ತು. 1965ರಲ್ಲಿ ಅಮೆರಿಕದ ವಲಸೆ ಕಾಯ್ದೆ ಬದಲಾದ ಮೇಲೆ ಜಮೈಕಾದಿಂದ ಕಲಾವಿದೆಯ ತಾಯಿಯಂಥ ನರ್ಸ್‌ಗಳು ಇಲ್ಲಿಗೆ ಬಂದರು. ಅದೇ ಕಾಯ್ದೆಯ ಬಾಗಿಲಿನಿಂದ ನಮ್ಮ ಮೈಸೂರು, ಮಂಗಳೂರು, ಧಾರವಾಡದ ಡಾಕ್ಟರು, ಎಂಜಿನಿಯರುಗಳೂ ಬಂದರು.

ಹೈಟಿಯ ವೆವೆಗಳ ಬಗ್ಗೆ ನಮ್ಮಲ್ಲಿ ಬಹಳ ಚರ್ಚೆಯಾಯಿತು. ಅಲ್ಲಿನ ವೋಡು ಎಂಬ ಧರ್ಮದ ಆಚರಣೆಯಲ್ಲಿ ನೆಲದ ಮೇಲೆ ಜೋಳದ ಹಿಟ್ಟನ್ನು ಬೆರಳುಗಳ ನಡುವಿನಿಂದ ಉದುರಿಸುತ್ತಾ ಬಿಡಿಸುವ ಚಿತ್ರಗಳು ಅವು. ನಮ್ಮ ಅಂಗಳದ ರಂಗೋಲಿ ನೋಡಿ ಬೆಳೆದವರಿಗೆ ಆ ಕೈಚಲನೆ ನೋಡಿದ ಕೂಡಲೇ ಹತ್ತಿರವೆನಿಸುತ್ತದೆ. ಪ್ರವೇಶದ ನೆಲದಲ್ಲಿ ಅದರ ಮಾದರಿಯೊಂದು ಇರಲಿ ಎಂಬ ಆಸೆ ನನಗಿತ್ತು. ಕಲಾವಿದೆ ಖಡಾಖಂಡಿತ ಬೇಡ ಎಂದರು. ಪ್ರತಿಯೊಂದು ವೆವೆಯೂ ಒಂದು ದೈವವನ್ನು ಕರೆಯುವ ಗುರುತು. ತಾನು ಹೈಟಿಯವಳಲ್ಲ, ಆ ನಂಬಿಕೆಯವಳೂ ಅಲ್ಲ, ಜನ ಅದರ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ ಎಂದರು. ‘ಕೆರಿಬಿಯನ್’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸುಲಭ. ದ್ವೀಪ ದ್ವೀಪಕ್ಕೂ ಭಾಷೆ ಬೇರೆ, ಆಳಿದವರು ಬೇರೆ, ದೇವರೂ ಬೇರೆ. ಅವರ ನಿಲುವಿಗೆ ನನ್ನ ಪೂರ್ಣ ಸಮ್ಮತಿ ಇದೆ. ನೆಲವನ್ನು ಖಾಲಿ ಬಿಟ್ಟೆವು.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ. ಗ್ಯಾಲರಿಯ ಗೋಡೆಗೆ ನೇರವಾಗಿ ಸ್ಪ್ರೇ ಮಾಡಿಸಲಿಲ್ಲ. ಮರದ ಚೌಕಟ್ಟಿಗೆ ನಾಲ್ಕಡಿ-ಎಂಟಡಿಯ ಪ್ಲೈವುಡ್ ಹಾಳೆಗಳನ್ನು ಬಿಗಿದು ಸ್ವತಂತ್ರವಾಗಿ ನಿಲ್ಲುವ ಗೋಡೆ ಕಟ್ಟಿದೆವು. ಮುಂದೆ ಬಿಚ್ಚಬೇಕಾದರೆ ಸ್ಕ್ರೂ ತೆಗೆದರಾಯಿತು. ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಮ್ಯಾಟ್ ಪ್ರೈಮರ್ ಹೊಡೆದೆವು. ಹೊಳೆಯುವ ಮೇಲ್ಮೈ ಮೇಲೆ ಸ್ಪ್ರೇ ಬಣ್ಣ ಇಳಿದುಬಿಡುತ್ತದೆ.

ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಬಣ್ಣ ಎಂದರೆ ಹುಡುಗಾಟವಲ್ಲ. ಡಬ್ಬಿಯಿಂದ ಬಣ್ಣವನ್ನು ತಳ್ಳುವುದು ಸಾಮಾನ್ಯವಾಗಿ ಪ್ರೊಪೇನ್, ಬ್ಯುಟೇನ್‌ನಂಥ ಅನಿಲ. ನಮ್ಮ ಅಡುಗೆ ಸಿಲಿಂಡರಿನಲ್ಲಿ ಇರುವುದೂ ಅವೇ. ಗಾಳಿಗಿಂತ ಭಾರವಾದ್ದರಿಂದ ನೆಲಮಟ್ಟದಲ್ಲಿ ಕೂಡಿಕೊಳ್ಳುತ್ತದೆ. ಹಾಗಾಗಿ ಕಟ್ಟಡದ ವಾಟರ್ ಹೀಟರಿನಲ್ಲಿ ಸದಾ ಉರಿಯುವ ಪೈಲಟ್ ಜ್ವಾಲೆ ಆರಿಸಿ, ಹಿಂದಿನ ಬಾಗಿಲಲ್ಲಿ ಕಿಡಿ ಹಾರದ ಮೋಟಾರಿನ ಎಕ್ಸಾಸ್ಟ್ ಫ್ಯಾನ್ ಇಟ್ಟು, ಮುಂದಿನ ಬಾಗಿಲು ತೆರೆದಿಟ್ಟೆವು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ರಾಸಾಯನಿಕ ಆವಿಗೆಂದೇ ಇರುವ ಕಾರ್ಟ್ರಿಜ್ ಹಾಕಿದ ರೆಸ್ಪಿರೇಟರ್ ಬೇಕು, ಸಹಾಯಕರಿಗೂ ಬೇಕು. ಇದರಲ್ಲಿ ಯಾರೂ ರಾಜಿ ಮಾಡಿಕೊಳ್ಳಬಾರದು.

ಗೆರೆ ಹಾಕುವ ಹೊತ್ತಿಗೆ ಅವರು ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಎಳೆದು, ನಡುವೆ ಎತ್ತಿ ಟಪ್ಪನೆ ಬಿಟ್ಟರು. ಗೋಡೆಯುದ್ದಕ್ಕೂ ನೀಲಿ ಗೆರೆ ಮೂಡಿತು. ಬೆಂಗಳೂರಿನಲ್ಲಿ ಓದುವಾಗ ಖರ್ಚಿಗೆಂದು ಬೋರ್ಡು ಬರೆಯುವ ಮೇಷ್ಟ್ರೊಬ್ಬರ ಕೈಕೆಳಗೆ ದಾರದ ಇನ್ನೊಂದು ತುದಿ ಹಿಡಿದವನು ನಾನು. ಅವರು ಹೇಳುವ ಮೊದಲೇ ಇಲ್ಲೂ ಆ ತುದಿ ಹಿಡಿದಿದ್ದೆ. ಗೆರೆಗಳ ಮೇಲೆ ಮೊದಲು ಕುಂಚ, ಆಮೇಲೆ ಸ್ಪ್ರೇ. ಅಗಲ ತುಂಬಲು ಡಬ್ಬಿಗೆ ಅಗಲ ಬಾಯಿಯ ಫ್ಯಾಟ್ ಕ್ಯಾಪ್, ಅಂಚಿಗೆ ಸಣ್ಣ ಬಾಯಿಯ ಸ್ಕಿನ್ನಿ ಕ್ಯಾಪ್. ಕೆಲಸ ನಿಲ್ಲಿಸುವ ಮುನ್ನ ಪ್ರತಿ ಡಬ್ಬಿಯನ್ನೂ ತಲೆಕೆಳಗು ಮಾಡಿ ಬರೀ ಗಾಳಿ ಬರುವವರೆಗೆ ಒತ್ತುತ್ತಿದ್ದರು. ಇಲ್ಲದಿದ್ದರೆ ಮರುದಿನಕ್ಕೆ ಕ್ಯಾಪ್ ಕಟ್ಟಿಕೊಂಡಿರುತ್ತದೆ.

ಉದ್ದದ ಗೋಡೆಯನ್ನು ಕಾರಿಡಾರಿನಲ್ಲಿ ನಿಲ್ಲಿಸಿದ್ದು ನನ್ನ ಹಟ. ನ್ಯೂಯಾರ್ಕಿನ ಸಣ್ಣ ಅಳತೆಯ ಸಬ್‌ವೇ (ನಗರದ ಮೆಟ್ರೊ ರೈಲು) ಡಬ್ಬಿ ಸುಮಾರು 50 ಅಡಿ ಉದ್ದ. ಪ್ಲಾಟ್‌ಫಾರ್ಮಿನಲ್ಲಿ ನಿಂತವರ ಮುಂದೆ ಅಕ್ಷರಗಳು ಓಡಿಹೋಗುತ್ತಿದ್ದವು. 1989ರ ಮೇ ತಿಂಗಳಲ್ಲಿ ಬಣ್ಣ ಬಳಿದ ಕೊನೆಯ ರೈಲನ್ನು ಓಡಾಟದಿಂದ ತೆಗೆದರು. ಆ ಓಟ ಮತ್ತೆ ಸಿಗುವುದಿಲ್ಲ. ಇಕ್ಕಟ್ಟಾದ ಕಾರಿಡಾರಿನಲ್ಲಿ ಹಿಂದೆ ಸರಿದು ಪೂರ್ತಿ ನೋಡಲು ಜಾಗವಿರಲಿಲ್ಲ. ಓದಬೇಕಾದರೆ ನೀವೇ ನಡೆಯಬೇಕು. ಚಿತ್ರದ ಮಧ್ಯಬಿಂದು ನೆಲದಿಂದ 57 ಇಂಚಿಗೆ ಬರಬೇಕೆಂಬ ಗ್ಯಾಲರಿಯ ವಾಡಿಕೆಯನ್ನೂ ಬಿಟ್ಟೆವು. ಪ್ರದರ್ಶನಕ್ಕೆ ಅವರು ಬರೆದ ಬೋರ್ಡುಗಳನ್ನು ಕಂಬದ ಮೇಲೆ ಇರುವಷ್ಟೇ ಎತ್ತರಕ್ಕೆ, ಕತ್ತು ಎತ್ತಿ ನೋಡುವಂತೆ ಮೊಳೆ ಹೊಡೆದೆವು. ಬೆಳ್ಳಿ ಬಣ್ಣದ ಮೇಲೆ ನೇರ ಬೆಳಕು ಬಿದ್ದರೆ ಬರೀ ಹೊಳಪು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ದೀಪಗಳನ್ನು ಓರೆಗೆ ತಿರುಗಿಸಿ ಸರಿಪಡಿಸಿದೆ.

ಕರಾರಿನ ಮೇಲೆ ನಾವು ಹೆಚ್ಚು ಹೊತ್ತು ಕೂತೆವು. ನ್ಯೂಯಾರ್ಕಿನದೇ ಕ್ವೀನ್ಸ್ ಭಾಗದ 5 ಪಾಯಿಂಟ್ಜ್ ಕಟ್ಟಡದ ಗ್ರಾಫಿಟಿಗೆ 2013ರ ನವೆಂಬರ್‌ನಲ್ಲಿ ರಾತ್ರೋರಾತ್ರಿ ಸುಣ್ಣ ಬಳಿದಂತೆ ಬಿಳಿ ಬಣ್ಣ ಬಳಿಯಲಾಯಿತು. ಕಲಾವಿದರು ನ್ಯಾಯಾಲಯಕ್ಕೆ ಹೋದರು. 1990ರ ದೃಶ್ಯ ಕಲಾವಿದರ ಹಕ್ಕುಗಳ ಕಾಯ್ದೆಯ ಅಡಿ 2018ರಲ್ಲಿ 21 ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. 2020ರಲ್ಲಿ ಮೇಲ್ಮನವಿಯಲ್ಲೂ ತೀರ್ಪು ಉಳಿಯಿತು. ಈ ಕಾಯ್ದೆಯ ಪ್ರಕಾರ ಕಲಾವಿದರು ತಮ್ಮ ಹಕ್ಕು ಬಿಟ್ಟುಕೊಡಬೇಕಾದರೆ ಯಾವ ಕೃತಿ, ಯಾವ ಬಳಕೆಗೆ ಎಂದು ಬರಹದಲ್ಲಿ ಸ್ಪಷ್ಟಪಡಿಸಿ ಸಹಿ ಹಾಕಬೇಕು. ಬಾಯಿಮಾತು ನಡೆಯುವುದಿಲ್ಲ. ಹಾಗಾಗಿ ಪ್ರತಿ ಗೋಡೆಗೂ ಒಂದೊಂದು ಸಾಲು ಬರೆದೆವು: ಇದು ಉಳಿಯುತ್ತದೆ, ಇದು ಮಾರಾಟಕ್ಕೆ, ಇದು ಅಳಿಯುತ್ತದೆ. ಕಾರಿಡಾರಿನ ಗೋಡೆಗೆ ಅವರೇ ಹೇಳಿ ಬರೆಸಿದ ಸಾಲು ಬೇರೆಯದೇ ಆಗಿತ್ತು. ಕೊನೆಯ ವಾರ ತಾನು ಕರೆದ ಕಿರಿಯ ಗ್ರಾಫಿಟಿ ಕಲಾವಿದರು ಅದರ ಮೇಲೆ ತಮ್ಮ ಅಕ್ಷರ ಬರೆಯಬಹುದು.

ಪ್ರಾರಂಭದ ದಿನ ಅವರ ತಾಯಿ ಬಂದಿದ್ದರು. ಅಜ್ಜಿಯ ಅಂಗಡಿಯ ನೆನಪಿನಲ್ಲಿ ಮಾಡಿದ ಬೋರ್ಡುಗಳ ಮುಂದೆ ಅವರಿಗೆ ಕುರ್ಚಿ ಹಾಕಿಕೊಟ್ಟೆ. ಬುಲ್ಲಾ ಕೇಕ್, ಉಪ್ಪುಮೀನು, ಸೀಮೆಎಣ್ಣೆ, ಸುಟ್ಟ ದೀವಿಹಲಸು, ಎಲ್ಲದಕ್ಕೂ ಒಂದೊಂದು ಬೋರ್ಡು ಇತ್ತು. ಒಂದೊಂದನ್ನೂ ಬೆರಳು ತೋರಿಸಿ ಓದಿದವರು ದೀವಿಹಲಸಿನ ಹತ್ತಿರ ನಿಂತರು. “ಇದನ್ನು ನಮ್ಮಮ್ಮ ಯಾವತ್ತೂ ಮಾರಲಿಲ್ಲ. ಎಲ್ಲರ ಹಿತ್ತಲಲ್ಲೂ ಮರ ಇತ್ತು, ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ?” ಎಂದರು. ಮತ್ತೇನು ಮಾರುತ್ತಿದ್ದರು ಆಂಟಿ ಎಂದು ಕೇಳಿದೆ. “ಐಸ್. ನಮ್ಮ ಬೀದಿಯಲ್ಲಿ ಫ್ರಿಜ್ ಇದ್ದದ್ದು ನಮ್ಮಲ್ಲಿ ಮಾತ್ರ.” ಮಗಳು ಅಲ್ಲೇ ಏಣಿ ತರಿಸಿದರು. ಜನ ನೋಡುತ್ತಿರುವಂತೆಯೇ ದೀವಿಹಲಸಿನ ಮೇಲೆ ಹಳದಿ ಬಳಿದು, ಒಣಗುವವರೆಗೆ ಅತಿಥಿಗಳೊಂದಿಗೆ ಮಾತಾಡಿ, ಆಮೇಲೆ ನೀಲಿಯಲ್ಲಿ ‘ಐಸ್’ ಎಂದು ಬರೆದರು. ಹಳದಿಯ ಅಡಿಯಲ್ಲಿ ಹಳೆಯ ಅಕ್ಷರದ ಉಬ್ಬು ಓರೆ ಬೆಳಕಿಗೆ ಸ್ವಲ್ಪ ಕಾಣುತ್ತದೆ. ಇಡೀ ಪ್ರದರ್ಶನದಲ್ಲಿ ನನಗೆ ಅತಿ ಪ್ರಿಯವಾದ ಕೃತಿ ಅದೇ.

ಮಾರಾಟ ಪರವಾಗಿಲ್ಲ ಎನ್ನುವ ಮಟ್ಟಿಗಾಯಿತು. ಕ್ಯಾನ್‌ವಾಸ್‌ಗಳು ಬೇಗ ಹೋದವು, ಬೋರ್ಡುಗಳನ್ನು ಅವರು ಮಾರಲಿಲ್ಲ. ಕೊನೆಯ ವಾರ ಕರಾರಿನಂತೆ ಹುಡುಗ ಹುಡುಗಿಯರು ಬಂದು ಉದ್ದದ ಗೋಡೆಯ ಮೇಲೆ ಬರೆದರು. ಬಿಚ್ಚುವ ದಿನ ತಾವು ಬರೆದ ಪ್ಲೈವುಡ್ ಹಾಳೆಗಳನ್ನು ಅವರವರೇ ಹೊತ್ತುಕೊಂಡು ಹೋದರು.

ಬೋರ್ಡುಗಳು ಈಗ ಕಿಂಗ್‌ಸ್ಟನ್‌ಗೆ ಹೊರಡುತ್ತಿವೆ, ಈ ಸಲ ಬಯಲಿನಲ್ಲಿ ತೂಗುವುದಕ್ಕೆ. ಹಾರ್ಡ್‌ಬೋರ್ಡ್ ಅಲ್ಲಿನ ಮಳೆಗೆ ತಡೆಯುವುದಿಲ್ಲ, ಹಿಂಬದಿಗೆ ವಾರ್ನಿಷ್ ಆದರೂ ಬಳಿಯೋಣ ಎಂದೆ. ಅಂಚುಗಳಿಗೆ ಮಾತ್ರ ಒಪ್ಪಿಕೊಂಡಿದ್ದಾರೆ.